ಹದಿನೈದು ಸಾವಿರದ ಬೇಸ್ ಗಿಟಾರ್ ಸಾಕಾ, ತೊಂಬತ್ತು ಸಾವಿರದ್ದೇ ಬೇಕಾ?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಾನು ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಆರು ವರ್ಷ ಆಯಿತು. ಗಣೇಶನ ಹಬ್ಬಕ್ಕೆ ಶುರುವಾದರೆ ರಾಜ್ಯೋತ್ಸವದ ತಿಂಗಳು ಮುಗಿಯುವ ತನಕ ರಸಮಂಜರಿ ಕಾರ್ಯಕ್ರಮಗಳಿರುತ್ತವೆ. ಬೇಸಿಗೆಯಲ್ಲಿ ಜಾತ್ರೆ, ಆರತಕ್ಷತೆ. ಉಳಿದ ದಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಈಗ ಸುಮಾರು ತಂಡಗಳಲ್ಲಿ ಕೀಬೋರ್ಡ್‌ನವರೇ ಎಡಗೈಯಲ್ಲಿ ಬೇಸ್ ಹಾಕಿಬಿಡುತ್ತಾರೆ, ಇಲ್ಲಾಂದ್ರೆ ಟ್ರ್ಯಾಕ್ ಹಾಕಿಕೊಂಡು ಹಾಡುತ್ತಾರೆ. ನಮ್ಮ ತಂಡದ ಯಜಮಾನರು ಮಾತ್ರ ಬೇಸ್ ನುಡಿಸುವವನು ಸ್ಟೇಜ್ ಮೇಲೆ ಇರಲೇಬೇಕು ಎನ್ನುವವರು. ಅದು ನನ್ನ ಪುಣ್ಯ.

ನನ್ನ ಹತ್ತಿರ ಇರುವುದು ಒಂದೇ ಬೇಸ್. ಹದಿನೈದು ಸಾವಿರಕ್ಕೆ ತಗೊಂಡದ್ದು. ನಾಲ್ಕು ತಂತಿ, ಜಾಝ್ ಬೇಸ್ ಮಾದರಿ (ಫೆಂಡರ್ ಕಂಪನಿಯ ಒಂದು ವಿನ್ಯಾಸ), ಎರಡು ಪಿಕಪ್ (ತಂತಿಯ ಕಂಪನ ಹಿಡಿಯುವ ಸುರುಳಿ). ಇಷ್ಟು ದಿನ ಅದರ ಬಗ್ಗೆ ನನಗೆ ಬೇಜಾರೇನೂ ಇರಲಿಲ್ಲ. ಹೋದ ತಿಂಗಳು ಒಂದು ಕಾರ್ಯಕ್ರಮಕ್ಕೆ ಬೆಂಗಳೂರಿನಿಂದ ಒಬ್ಬ ಗಾಯಕರು ಬಂದಿದ್ದರು. ಅವರ ಜೊತೆ ಬಂದಿದ್ದ ಗಿಟಾರಿಸ್ಟ್ ಒಬ್ಬರು ನನ್ನ ಬೇಸ್ ಕೈಗೆ ತಗೊಂಡು, ತಲೆಯ ಮೇಲಿನ ಹೆಸರು ಓದಿ, "ಇದು ಕಲಿಯುವ ಮಕ್ಕಳ ಬೇಸ್ ಅಲ್ವಾ, ಇದರಲ್ಲಿ ಕಾರ್ಯಕ್ರಮ ಕೊಡುತ್ತೀರಾ?" ಅಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ. ಆದರೆ ಆವತ್ತು ರಾತ್ರಿ ಮೂರು ಗಂಟೆ ನುಡಿಸುವಾಗಲೂ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಮೂರು ವರ್ಷ ಕೂಡಿಟ್ಟದ್ದು ಎಂಬತ್ತು ಸಾವಿರ ಇದೆ. ಇನ್ನೊಂದು ಹತ್ತು ಸೇರಿಸಿದರೆ ನಾನು ನೋಡಿಟ್ಟಿರುವ ಐದು ತಂತಿಯ ಬೇಸ್ ಬರುತ್ತದೆ. ಮನೆಯವಳು "ನಿಮಗೆ ಬೇಕು ಅನಿಸಿದರೆ ತಗೊಳ್ಳಿ, ಆದರೆ ಬೇಕಾ ಅಂತ ಸರಿಯಾಗಿ ಕೇಳಿ ತಿಳಿದುಕೊಳ್ಳಿ" ಅಂದಿದ್ದಾಳೆ. ಅದಕ್ಕೇ ಕೇಳುತ್ತಿದ್ದೇನೆ. ನುಡಿಸುವವರಿಗೆ ಬೆಲೆಯಿಂದ ನಿಜಕ್ಕೂ ವ್ಯತ್ಯಾಸ ಆಗುತ್ತಾ? ಕೇಳುವವರಿಗೆ ಗೊತ್ತಾಗುತ್ತಾ?

ನನ್ನ ಬೇಸ್‌ನ ತೊಂದರೆಗಳನ್ನೂ ಹೇಳಿಬಿಡುತ್ತೇನೆ. ಹತ್ತನೇ ಫ್ರೆಟ್ (ತಂತಿ ಒತ್ತುವ ಉದ್ದ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ದಾಟಿದರೆ ತಂತಿ ಕರಕರ ಅನ್ನುತ್ತದೆ. ನಡುವಿನಲ್ಲಿ ಒತ್ತಲು ಬೆರಳು ನೋಯುತ್ತದೆ. ಸ್ಟೇಜ್‌ನಲ್ಲಿ ಲೈಟ್ ಹತ್ತಿದ ತಕ್ಷಣ ಗುಂಯ್ ಅಂತ ಸದ್ದು. ಮತ್ತೆ ನಮ್ಮ ಗಾಯಕಿ ಸುಮಾರು ಹಾಡುಗಳನ್ನು ಡಿ ಸ್ಕೇಲಿಗೆ ಇಳಿಸಿ ಹಾಡುತ್ತಾರೆ, ನನ್ನ ಬೇಸ್‌ನಲ್ಲಿ ಕೆಳಗೆ ಇ ಸ್ವರದ ತನಕ ಮಾತ್ರ ಇದೆ, ಕೆಳಗಿನ ಡಿ ಇಲ್ಲ, ಮೇಲಿನ ಡಿ ನುಡಿಸಿದರೆ ಹಾಡು ತೂಕ ಕಳೆದುಕೊಂಡ ಹಾಗೆ ಅನಿಸುತ್ತದೆ.

---

ಹಳೇ ಬೇಸು, ಮಂಡ್ಯ

ತಮ್ಮಾ, ಮೊದಲು ಆ ಮಾತನ್ನು ತಲೆಯಿಂದ ತೆಗೆದುಹಾಕು. ಬೇಸ್‌ನ ತಲೆ ಮೇಲೆ ಏನು ಬರೆದಿದೆ ಅಂತ ಓದುವವರು ಸ್ಟೇಜ್ ಮೇಲೆ ಇರುತ್ತಾರೆ, ಕೆಳಗೆ ಕೂತವರು ಓದುವುದಿಲ್ಲ.

ನಾನು ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನನ್ನ ಮೊದಲ ಬೇಸ್ ಯಾರೋ ಮಾರಿದ್ದು, ಹೆಸರೇ ಅಳಿಸಿಹೋಗಿತ್ತು. ಅದರ ನೆಕ್ (ಕತ್ತು) ಬಿಲ್ಲಿನ ಹಾಗೆ ಬಾಗಿತ್ತು. ಒಂದು ಹಾಡು ಮುಗಿದರೆ ಶ್ರುತಿ ಹೋಗಿರುತ್ತಿತ್ತು, ನಿರೂಪಕರು ಮಾತಾಡುವಾಗ ನಾನು ತಿರುಗಿ ನಿಂತು ಶ್ರುತಿ ಮಾಡಿಕೊಳ್ಳಬೇಕಿತ್ತು. ಅಂಥದ್ದರಲ್ಲಿ ಎಷ್ಟು ಒಳ್ಳೆಯ ಕೈ ಇದ್ದರೂ ಪ್ರಯೋಜನವಿಲ್ಲ. ಹಾಗಾಗಿ "ಬೆಲೆಯಿಂದ ಏನೂ ಆಗುವುದಿಲ್ಲ" ಅಂತ ನಾನು ಹೇಳುವುದಿಲ್ಲ. ತೀರಾ ಕೆಳಗೆ ಆಗುತ್ತದೆ. ಆಮೇಲೆ ಯಮಹಾದ ಕಡಿಮೆ ಬೆಲೆಯ ಸಾಲಿನದ್ದು ಒಂದು ತಗೊಂಡೆ. ಶ್ರುತಿ ನಿಂತಿತು. ಅವತ್ತಿನಿಂದ ನನ್ನ ಜೀವನವೇ ಬದಲಾಯಿತು, ನಿಜವಾಗಿ ಹೇಳುತ್ತಿದ್ದೇನೆ. ಇವತ್ತಿಗೂ ಅದರಲ್ಲೇ ನುಡಿಸುತ್ತೇನೆ.

ನಮ್ಮ ಕಾರ್ಯಕ್ರಮಗಳಲ್ಲಿ ಬೇಸ್ ಹೇಗೆ ಕೇಳಿಸಬೇಕು ಅನ್ನುವುದನ್ನು ಮುಕ್ಕಾಲು ಪಾಲು ತೀರ್ಮಾನಿಸುವವರು ಸೌಂಡ್‌ನವರು. ನಾಲ್ಕು ತಂತಿಯ ಬೇಸ್‌ನ ಕೆಳಗಿನ ಇ ಅಂದರೆ ಸುಮಾರು 41 ಹರ್ಟ್ಝ್. ಅದನ್ನು ಕೂಗಿಸಲು ದೊಡ್ಡ ಸ್ಪೀಕರ್ ಬೇಕು, ಸಬ್ (ತಳದ ಸ್ವರಗಳಿಗೇ ಇರುವ ಸ್ಪೀಕರ್) ಬೇಕು. ಊರ ದೇವಸ್ಥಾನದ ಮುಂದೆ ಬರೀ ಕಾಲಂ ಸ್ಪೀಕರ್ ನಿಲ್ಲಿಸಿರುತ್ತಾರೆ, ಅಲ್ಲಿ ಲಕ್ಷ ರೂಪಾಯಿಯ ಬೇಸ್ ತಗೊಂಡು ಹೋದರೂ ಕೇಳಿಸುವುದು ಮೇಲಿನ ಟಕ್ ಟಕ್ ಮಾತ್ರ. ನನ್ನ ಸಲಹೆ ಇಷ್ಟು. ಒಂದು ಒಳ್ಳೆಯ ಡಿಐ ಬಾಕ್ಸ್ (ಬೇಸ್‌ನ ಸಿಗ್ನಲನ್ನು ಮಿಕ್ಸರ್‌ಗೆ ಹೊಂದಿಸುವ ಡಬ್ಬಿ) ತಗೋ, ನಿನ್ನ ಚೀಲದಲ್ಲೇ ಇಟ್ಟುಕೋ, ಮಿಕ್ಸರ್‌ಗೆ ನೇರ ಕೊಡು. ಸೌಂಡ್‌ನವರಿಗೆ ಟೀ ಕುಡಿಯುವಾಗ ಮೊದಲೇ ಮಾತಾಡಿಸು, "ಅಣ್ಣಾ, ಕಿಕ್ ಡ್ರಮ್ಮಿಗೂ ನನಗೂ ಜಾಗ ಬೇರೆ ಮಾಡಿಕೊಡಿ" ಅಂತ ಕೇಳು. ತೊಂಬತ್ತು ಸಾವಿರ ಮಾಡದ ಕೆಲಸವನ್ನು ಈ ಮಾತು ಮಾಡುತ್ತದೆ.

ಇನ್ನೊಂದು ಹೇಳುತ್ತೇನೆ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಅಂತ ಒಬ್ಬರಿದ್ದರು. ಬಲಗೈಯ ಒಂದೇ ಬೆರಳಲ್ಲಿ ಮೀಟುತ್ತಿದ್ದರು. ತಂತಿ ಬಹಳ ಎತ್ತರಕ್ಕೆ ಇರುತ್ತಿತ್ತು, ಬೇರೆಯವರಿಗೆ ಒತ್ತುವುದೇ ಕಷ್ಟ. ತಂತಿ ತುಂಡಾಗದೆ ಬದಲಿಸುತ್ತಿರಲಿಲ್ಲ. 60ರ ದಶಕದ ಎಷ್ಟೋ ದೊಡ್ಡ ಹಾಡುಗಳ ಕೆಳಗೆ ಇರುವುದು ಆ ಒಂದು ಬೇಸ್, ಆ ಒಂದು ಬೆರಳು. ಅವರ ಬೇಸ್ ಸಿಕ್ಕಿದರೆ ನಾವು ನೀವು ಹಾಗೆ ನುಡಿಸಲು ಆಗುತ್ತದಾ? ಆಗುವುದಿಲ್ಲ. ದುಡ್ಡು ಇಟ್ಟುಕೋ.

---

ಬೆಸುಗೆಕಡ್ಡಿ, ಬೆಂಗಳೂರು

ತುಂಗಾತೀರ ಅವರೇ, ನಾನು ಗಿಟಾರ್ ರಿಪೇರಿ ಮಾಡುವವನು. ನೀವು ಹೇಳಿದ ನಾಲ್ಕು ತೊಂದರೆಗಳಲ್ಲಿ ಮೂರು ಬೆಲೆಗೆ ಸಂಬಂಧಪಟ್ಟವಲ್ಲ. ನಿಮ್ಮ ಬೇಸ್‌ಗೆ ಯಾರೂ ಇದುವರೆಗೆ ಸರಿಯಾಗಿ ಸೆಟಪ್, ಅಂದರೆ ನೆಕ್‌ನ ಬಾಗು ಮತ್ತು ತಂತಿಯ ಎತ್ತರದ ಹೊಂದಾಣಿಕೆ, ಮಾಡಿಲ್ಲ. ನನ್ನ ಟೇಬಲ್ ಮೇಲೆ ಬರುವ ಹತ್ತರಲ್ಲಿ ಎಂಟು ಬೇಸ್‌ಗಳ ಕಥೆ ಇದೇ.

ಈಗಲೇ ಒಂದು ಪರೀಕ್ಷೆ ಮಾಡಿ. ಶ್ರುತಿ ಮಾಡಿದ ಬೇಸ್ ತೊಡೆಯ ಮೇಲೆ ನುಡಿಸುವ ಹಾಗೆಯೇ ಇಟ್ಟುಕೊಳ್ಳಿ. ದಪ್ಪ ತಂತಿಯನ್ನು ಎಡಗೈಯಿಂದ ಒಂದನೇ ಫ್ರೆಟ್‌ನಲ್ಲಿ ಒತ್ತಿ, ಬಲಗೈಯ ಕಿರುಬೆರಳಿಂದ ನೆಕ್ ದೇಹಕ್ಕೆ ಸೇರುವ ಜಾಗದ ಫ್ರೆಟ್‌ನಲ್ಲಿ ಒತ್ತಿ. ಈಗ ತಂತಿ ಒಂದು ಸ್ಕೇಲ್ ಪಟ್ಟಿಯ ಹಾಗೆ ನೇರ ಆಯಿತು. ಏಳು ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಸಂದು ಇದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ 0.3 ಮಿಲಿಮೀಟರ್ ಆಸುಪಾಸು ಇದ್ದರೆ ಸರಿ. ಸಂದೇ ಇಲ್ಲದಿದ್ದರೆ ಕೆಳಗಿನ ಫ್ರೆಟ್‌ಗಳಲ್ಲಿ ಕರಕರ ಬರುತ್ತದೆ. ಸಂದು ಜಾಸ್ತಿ ಇದ್ದರೆ ನಡುವಿನಲ್ಲಿ ತಂತಿ ಎತ್ತರ ಆಗುತ್ತದೆ, ಬೆರಳು ನೋಯುತ್ತದೆ. ಆಗ ಯಾರೋ ಒಬ್ಬರು ಎತ್ತರ ಕಡಿಮೆ ಮಾಡಲು ಹೋಗಿ ಬ್ರಿಜ್‌ನಲ್ಲಿ (ದೇಹದ ಮೇಲೆ ತಂತಿ ಕೂರುವ ಕಡೆ) ತಂತಿ ಇಳಿಸುತ್ತಾರೆ, ಮೇಲಿನ ಫ್ರೆಟ್‌ಗಳಲ್ಲಿ ಕರಕರ ಶುರುವಾಗುತ್ತದೆ. ನಡುವೆ ನೋವು, ಹತ್ತರ ಮೇಲೆ ಕರಕರ ಅಂತ ನೀವು ಬರೆದದ್ದು ಓದಿದ ಕೂಡಲೇ ನನಗೆ ಇದೇ ಅನಿಸಿತು. ನಿಮ್ಮದು ಮಲೆನಾಡಿನ ಬಾಗಿಲು, ಮಳೆಗಾಲದಲ್ಲಿ ಅಷ್ಟು ತೇವ, ಬೇಸಿಗೆಯಲ್ಲಿ ಒಣ ಹವೆ. ಮರ ಸುಮ್ಮನೆ ಇರುವುದಿಲ್ಲ. ವರ್ಷಕ್ಕೆ ಎರಡು ಸಲ ನೋಡಿಕೊಳ್ಳಬೇಕು. ಇದು ಐದು ಲಕ್ಷದ ಬೇಸ್‌ಗೂ ತಪ್ಪಿದ್ದಲ್ಲ.

ನೆಕ್ ಒಳಗೆ ಟ್ರಸ್ ರಾಡ್ ಅಂತ ಕಬ್ಬಿಣದ ಸರಳು ಇರುತ್ತದೆ. ಅಲೆನ್ ಕೀ ಹಾಕಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಗಿ ಆಗುತ್ತದೆ, ಬಾಗು ಕಡಿಮೆಯಾಗುತ್ತದೆ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಬೇಡ. ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಬಿಗಿಯಾಗಿ ನಿಂತರೆ ಬಲ ಹಾಕಬೇಡಿ, ನಿಲ್ಲಿಸಿ, ಗೊತ್ತಿದ್ದವರ ಹತ್ತಿರ ತಗೊಂಡು ಹೋಗಿ. ಬಾಗು ಸರಿಯಾದ ಮೇಲೆ ಹನ್ನೆರಡನೇ ಫ್ರೆಟ್‌ನಲ್ಲಿ ದಪ್ಪನೆಯ ಇ ತಂತಿ ಸುಮಾರು ಎರಡೂವರೆ ಮಿಲಿಮೀಟರ್, ಸಣ್ಣ ಜಿ ತಂತಿ ಎರಡು ಮಿಲಿಮೀಟರ್ ಎತ್ತರ ಇರಲಿ. ನಂತರ ನಿಮ್ಮ ಕೈಗೆ ಹೇಗೆ ಬೇಕೋ ಹಾಗೆ.

ಗುಂಯ್ ಸದ್ದಿಗೆ ಒಂದು ಪ್ರಶ್ನೆ. ನೀವು ಎರಡು ವಾಲ್ಯೂಮ್‌ಗಳಲ್ಲಿ ಒಂದನ್ನು ಅರ್ಧಕ್ಕೆ ಇಟ್ಟು ನುಡಿಸುತ್ತೀರಾ? ಜಾಝ್ ಬೇಸ್ ಮಾದರಿಯಲ್ಲಿ ಸಾಮಾನ್ಯವಾಗಿ ಎರಡು ಪಿಕಪ್‌ಗಳನ್ನು ಒಂದಕ್ಕೊಂದು ಉಲ್ಟಾ ಸುತ್ತಿರುತ್ತಾರೆ. ಎರಡೂ ಪೂರ್ತಿ ತೆರೆದಾಗ ಒಂದರ ಗುಂಯ್ ಇನ್ನೊಂದರ ಗುಂಯ್‌ಗೆ ವಜಾ ಆಗುತ್ತದೆ. ಒಂದು ಕಡಿಮೆ ಮಾಡಿದರೆ ಗುಂಯ್ ತಿರುಗಿ ಬರುತ್ತದೆ. ಎರಡೂ ತೆರೆದಿಟ್ಟು ನೋಡಿ. ತಂತಿ ಮುಟ್ಟಿದಾಗ ಸದ್ದು ನಿಂತು, ಬಿಟ್ಟಾಗ ಜೋರಾದರೆ ಒಳಗೆ ಶೀಲ್ಡಿಂಗ್ (ಹೊರಗಿನ ವಿದ್ಯುತ್ ಗದ್ದಲ ತಡೆಯುವ ಲೋಹದ ಹೊದಿಕೆ) ಕಡಿಮೆ ಅಂತ ಅರ್ಥ, ತಾಮ್ರದ ಟೇಪ್ ಅಂಟಿಸಬೇಕು. ಕರ್ರ್ ಅನ್ನುವ ವಾಲ್ಯೂಮ್ ಪಾಟ್, ಸಡಿಲವಾದ ಜ್ಯಾಕ್, ಇವೆಲ್ಲ ನಮ್ಮ ಎಸ್.ಪಿ. ರೋಡಿನಲ್ಲಿ ನೂರು ಇನ್ನೂರು ರೂಪಾಯಿಯ ವಸ್ತುಗಳು. ಆದರೆ ತಂತಿ ಅಥವಾ ಮೈಕ್ ಮುಟ್ಟಿದಾಗ ಜುಮ್ ಅಂದರೆ ಅದು ಬೇರೆ ವಿಷಯ, ಸ್ಟೇಜ್‌ನ ಅರ್ಥಿಂಗ್ ಸರಿ ಇಲ್ಲ. ಆಗ ನುಡಿಸಲೇಬೇಡಿ. ಜನರೇಟರ್‌ನಲ್ಲಿ ನಡೆಯುವ ಕಾರ್ಯಕ್ರಮಗಳಲ್ಲಿ ಇದನ್ನು ಮೊದಲು ಕೇಳಿ.

ಇನ್ನು ಬೆಲೆ. ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಬಿಚ್ಚಿ ನೋಡುವವನಿಗೆ ಗೊತ್ತಾಗುತ್ತದೆ. ಈಗ ಮರ ಕೊರೆಯುವುದು ಕಂಪ್ಯೂಟರ್ ಹೇಳಿದ ಹಾಗೆ ಓಡುವ ಮಷಿನ್. ಹಾಗಾಗಿ ಇಂಡೋನೇಷ್ಯಾದಲ್ಲಿ ಆದ ಕಡಿಮೆ ಬೆಲೆಯ ಬೇಸ್‌ನ ನೆಕ್ ಕೂಡ ಅಳತೆಯಲ್ಲಿ ಸರಿಯಾಗಿಯೇ ಇರುತ್ತದೆ. ಉಳಿಸುವುದು ಕೊನೆಯ ಕೈಕೆಲಸದಲ್ಲಿ. ಫ್ರೆಟ್‌ಗಳನ್ನು ಮಟ್ಟ ಮಾಡುವುದು, ತುದಿ ಉಜ್ಜುವುದು, ನಟ್‌ನಲ್ಲಿ (ನೆಕ್‌ನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ತೋಡು ಕೊರೆಯುವುದು. ಇದಕ್ಕೆ ಮನುಷ್ಯನ ಗಂಟೆಗಳು ಬೇಕು, ಗಂಟೆಗೆ ದುಡ್ಡು. ಆ ಗಂಟೆಗಳನ್ನು ನೀವು ಇಲ್ಲಿ ಎರಡು ಮೂರು ಸಾವಿರ ಕೊಟ್ಟು ಮಾಡಿಸಬಹುದು. ಇನ್ನು ಜಿ ತಂತಿಯ ಐದರಿಂದ ಏಳನೇ ಫ್ರೆಟ್ ಒಳಗೆ ಎಲ್ಲೋ ಒಂದು ಸ್ವರ ಬೇಗ ಸಾಯುತ್ತದೆ ಅಲ್ವಾ? ಆ ಡೆಡ್ ಸ್ಪಾಟ್ ದುಬಾರಿ ಬೇಸ್‌ಗಳಲ್ಲೂ ಇರುತ್ತದೆ. ಉದ್ದ ನೆಕ್ ತನ್ನದೇ ಕಂಪನದಲ್ಲಿ ಆ ಸ್ವರವನ್ನು ನುಂಗುವುದು, ಅಷ್ಟೇ. ದುಡ್ಡು ಕೊಟ್ಟರೂ ಹೋಗುವುದಿಲ್ಲ.

---

ಕುಕ್ಕರಹಳ್ಳಿ, ಮೈಸೂರು

ನಾನು ಎಂ.ಎಸ್ಸಿ. ಓದುತ್ತಿದ್ದೇನೆ, ಕಾಲೇಜಿನ ಬ್ಯಾಂಡ್‌ನಲ್ಲಿ ಬೇಸ್ ನುಡಿಸುತ್ತೇನೆ. ನನ್ನ ಅನುಭವ ಬೇರೆ. ನಾನು ಮೊದಲು ನಲವತ್ತು ಸಾವಿರದ ಬೇಸ್ ತಗೊಂಡೆ, ಎಲ್ಲರೂ ಒಳ್ಳೆಯದು ಅಂದರು, ನಿಜವಾಗಿ ಒಳ್ಳೆಯದೇ. ಆದರೆ ನನ್ನ ಕೈ ಚಿಕ್ಕದು. 34 ಇಂಚಿನ ಸ್ಕೇಲ್‌ನಲ್ಲಿ (ನಟ್‌ನಿಂದ ಬ್ರಿಜ್ ತನಕ ತಂತಿಯ ಉದ್ದ) ಒಂದನೇ ಫ್ರೆಟ್ ಮುಟ್ಟಲು ಭುಜ ಎಳೆದುಕೊಳ್ಳುತ್ತಿತ್ತು, ಅರ್ಧ ಗಂಟೆಗೆ ಮಣಿಕಟ್ಟು ನೋವು. ಕಡೆಗೆ ಅದನ್ನು ಮಾರಿ 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್ ತಗೊಂಡೆ, ಅರ್ಧ ಬೆಲೆಗೆ. ಈಗ ಎರಡು ಗಂಟೆ ಕೂತರೂ ನೋವಿಲ್ಲ, ಅಭ್ಯಾಸ ಜಾಸ್ತಿ ಆಗಿದೆ, ಅದಕ್ಕೇ ಚೆನ್ನಾಗಿ ನುಡಿಸುತ್ತಿದ್ದೇನೆ.

ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಅವರ ಪಿಟೀಲಿನ ಆಕಾರದ ಹಾಫ್ನರ್ ಬೇಸ್ ಕೂಡ 30 ಇಂಚಿನದ್ದೇ. 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಸುಮಾರು 30 ಪೌಂಡ್ ಕೊಟ್ಟು ತಗೊಂಡದ್ದು. ಫೆಂಡರ್‌ಗೆ ಆಗ 100 ಪೌಂಡ್ ಆಸುಪಾಸು, ಅಷ್ಟು ಅವರ ಹತ್ತಿರ ಇರಲಿಲ್ಲ. ಕೈಗೆಟುಕಿದ್ದನ್ನು ತಗೊಂಡರು. ಆ ಬೇಸ್ 1972ರಲ್ಲಿ ಕಳವಾಗಿ ಅರ್ಧ ಶತಮಾನದ ಮೇಲೆ ವಾಪಸ್ ಸಿಕ್ಕಿತು, 2024ರಲ್ಲಿ ಸುದ್ದಿ ಬಂದಾಗ ನಾನು ಅವತ್ತಿಡೀ ಖುಷಿಯಲ್ಲಿದ್ದೆ.

ಅಣ್ಣಾ, ತಗೊಳ್ಳುವ ಮೊದಲು ಐದು ತಂತಿಯದನ್ನು ಹೆಗಲಿಗೆ ಹಾಕಿಕೊಂಡು ಒಂದು ಗಂಟೆ ನಿಂತು ನೋಡಿ. ಕೆಲವು ತುಂಬಾ ಭಾರ ಇರುತ್ತವೆ.

---

ಎಡಿಸನ್ ಕನ್ನಡಿಗ, ನ್ಯೂಜೆರ್ಸಿ

ಮೇಲಿನವರು ಹೇಳಿದ್ದರಲ್ಲಿ ಸುಮಾರು ಒಪ್ಪುತ್ತೇನೆ. ಒಂದು ವಿಷಯ ಮಾತ್ರ ಒಪ್ಪುವುದಿಲ್ಲ, ಅದನ್ನು ಹೇಳಲೇಬೇಕು.

ಜೇಮರ್ಸನ್ ಅವರ ಉದಾಹರಣೆ ಇಲ್ಲಿ ಹೊಂದುವುದಿಲ್ಲ ಸರ್. ಅವರು ನುಡಿಸಿದ್ದು 1962ರ ಫೆಂಡರ್ ಪ್ರಿಸಿಷನ್. ಆ ಕಾಲಕ್ಕೆ ಅದು ವೃತ್ತಿಯವರ ವಾದ್ಯ, ಆಟಿಕೆ ಅಲ್ಲ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ತಂದಾಗ ಅದಕ್ಕೆ ಆ ಹೆಸರಿಟ್ಟದ್ದೇ ಫ್ರೆಟ್ ಇರುವುದರಿಂದ ಸ್ವರ ಕರಾರುವಾಕ್ಕಾಗಿ ಬೀಳುತ್ತದೆ ಅಂತ. ಹೆಸರಾಂತ ಬೇಸಿಸ್ಟ್ ಜಾಕೊ ಪಾಸ್ಟೋರಿಯಸ್ ಕಥೆಯನ್ನೂ ಎಲ್ಲರೂ ಹೀಗೇ ಹೇಳುತ್ತಾರೆ. ಹಳೆಯ ಬೇಸ್ ಕಡಿಮೆ ಬೆಲೆಗೆ ತಗೊಂಡರು, ಫ್ರೆಟ್ ಕಿತ್ತ ಸಂದುಗಳನ್ನು ತುಂಬಿ, ಮೇಲೆ ಎಪಾಕ್ಸಿ (ಗಟ್ಟಿಯಾಗುವ ಅಂಟು) ಬಳಿದು ನುಡಿಸಿದರು ಅಂತ. ನಿಜ. ಆದರೆ ಅದು 1962ರ ಜಾಝ್ ಬೇಸ್! ಕಡಿಮೆಗೆ ಸಿಕ್ಕಿದ್ದು ಹಳೆಯದಾಗಿತ್ತು ಅಂತ. ಕಳಪೆ ಆಗಿತ್ತು ಅಂತ ಅಲ್ಲ. ಮೆಕಾರ್ಟ್ನಿ ಉದಾಹರಣೆ ಒಪ್ಪುತ್ತೇನೆ, ಅವರು ನಿಜವಾಗಿಯೂ ದುಡ್ಡು ನೋಡಿಯೇ ಆರಿಸಿದ್ದು.

ನಾನು ಇಲ್ಲಿ ಕನ್ನಡ ಸಂಘದ ಯುಗಾದಿ, ರಾಜ್ಯೋತ್ಸವ ಕಾರ್ಯಕ್ರಮಗಳಲ್ಲಿ ನುಡಿಸುತ್ತೇನೆ. ನನ್ನ ಹತ್ತಿರ ಎರಡು ಐದು ತಂತಿಯ ಬೇಸ್‌ಗಳಿವೆ. ಒಂದು ಇನ್ನೂರೈವತ್ತು ಡಾಲರಿನದು, ಇನ್ನೊಂದು ಅದರ ಎಂಟು ಪಟ್ಟು ಬೆಲೆಯದು, ಬಳಸಿದ್ದು. ಮೊದಲು ತಂದಾಗ ಇಷ್ಟು ವ್ಯತ್ಯಾಸವಾ ಅಂತ ಬೆರಗಾದೆ. ಆಮೇಲೆ ಎರಡಕ್ಕೂ ಒಂದೇ ಕಂಪನಿಯ ಹೊಸ ತಂತಿ ಹಾಕಿದೆ, ಒಂದೇ ಎತ್ತರಕ್ಕೆ ಇಟ್ಟೆ. ಮೇಲಿನ ನಾಲ್ಕು ತಂತಿಗಳಲ್ಲಿ ವ್ಯತ್ಯಾಸ ಎಲ್ಲಿ ಹೋಯಿತೋ ಗೊತ್ತಿಲ್ಲ. ಹೆಡ್‌ಫೋನ್ ಹಾಕಿ ಒಂಟಿಯಾಗಿ ಕೇಳಿದರೆ ಸ್ವಲ್ಪ ತಿಳಿಯುತ್ತದೆ, ತಬಲಾ ಕೀಬೋರ್ಡ್ ಸೇರಿದರೆ ನನಗೇ ತಿಳಿಯುವುದಿಲ್ಲ.

ಆದರೆ ಐದನೇ ತಂತಿ! ಕೆಳಗಿನ ಬಿ ಅಂದರೆ ಸುಮಾರು 31 ಹರ್ಟ್ಝ್. ಅಗ್ಗದ್ದರಲ್ಲಿ ಆ ತಂತಿ ಗೊಣಗುತ್ತದೆ. ಹೊಡೆದ ಕ್ಷಣ ಸ್ವರ ಯಾವುದು ಅಂತ ಗೊತ್ತಾಗುವುದಿಲ್ಲ, ಸಡಿಲ ಹಗ್ಗ ಮೀಟಿದ ಹಾಗೆ. ಇನ್ನೊಂದರಲ್ಲಿ ಅದೇ ಸ್ವರ ಕಂಬ ನಿಲ್ಲಿಸಿದ ಹಾಗೆ ನಿಲ್ಲುತ್ತದೆ. ನೆಕ್ ಗಟ್ಟಿತನ, ದೇಹಕ್ಕೆ ನೆಕ್ ಕೂತಿರುವ ಬಿಗಿ, ಕೆಲವು ತಯಾರಕರು ಕೊಡುವ 35 ಇಂಚಿನ ಸ್ಕೇಲ್, ಇವೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ನಾಲ್ಕು ತಂತಿಗೆ ಬೆಲೆ ಬೇಗ ಅರ್ಥ ಕಳೆದುಕೊಳ್ಳುತ್ತದೆ, ಐದು ತಂತಿಗೆ ಸ್ವಲ್ಪ ಮೇಲಿನ ತನಕ ಅರ್ಥ ಇರುತ್ತದೆ ಅಂತ ನನ್ನ ಅಭಿಪ್ರಾಯ. ಬ್ರೂಕ್ಲಿನ್‌ನಲ್ಲಿ ಫೋಡೆರಾ ಅಂತ ಬೇಸ್ ತಯಾರಕರಿದ್ದಾರೆ, ಹೆಸರಾಂತ ಬೇಸಿಸ್ಟ್ ವಿಕ್ಟರ್ ವೂಟನ್ ನುಡಿಸುವ ಬೇಸ್ ಅವರದೇ. ಅಷ್ಟು ಮೇಲಕ್ಕೆ ಹೋದರೆ ಕೊಡುವುದು ಕೈಕೆಲಸಕ್ಕೆ, ಮರದ ಚೆಂದಕ್ಕೆ. ಅದನ್ನು ಪ್ರೀತಿಸುವವರನ್ನು ನಾನು ಬೈಯುವುದಿಲ್ಲ. ಸಂಜೆ ಕೆಲಸದಿಂದ ಬಂದಾಗ ನನ್ನ ಬೇಸ್ ಗೋಡೆ ಮೇಲೆ ಕಂಡರೆ ಕೈ ತಾನಾಗಿ ಹೋಗುತ್ತದೆ. ಅದಕ್ಕೂ ಬೆಲೆ ಇದೆ ಅಲ್ವಾ?

ನಡುವಿನ ದಾರಿಯೂ ಇದೆ. ಬೇಸಿಸ್ಟ್ ಮಾರ್ಕಸ್ ಮಿಲ್ಲರ್ ಹೆಸರಲ್ಲಿ ಸೈರ್ ಅನ್ನುವ ಕೊರಿಯಾದ ಕಂಪನಿ ಮಾಡುವ ಐದು ತಂತಿಯ ಬೇಸ್‌ಗಳನ್ನು ನೋಡಿ. ಕಮ್ಮಿ ಬೆಲೆಗೆ ಬಿ ತಂತಿ ಚೆನ್ನಾಗಿ ಸಿಕ್ಕಿದ್ದನ್ನು ನಾನೇ ಸ್ನೇಹಿತನ ಮನೆಯಲ್ಲಿ ನುಡಿಸಿ ನೋಡಿದ್ದೇನೆ.

---

ಹಳೇ ಬೇಸು, ಮಂಡ್ಯ

ಎಡಿಸನ್ ಕನ್ನಡಿಗರೇ, ಸರಿಯಾದ ಮಾತು. ಜೇಮರ್ಸನ್ ಬೇಸ್ ಆ ಕಾಲದ ಒಳ್ಳೆಯ ವಾದ್ಯ ಅನ್ನುವುದನ್ನು ನಾನು ಯೋಚಿಸಿರಲಿಲ್ಲ. ತಂತಿ ಬದಲಿಸುತ್ತಿರಲಿಲ್ಲ ಅನ್ನುವುದನ್ನೂ ಎಲ್ಲರೂ ಅನುಸರಿಸಬೇಡಿ. ಅವರದು ನುಣುಪಾದ ಫ್ಲಾಟ್‌ವೌಂಡ್ ತಂತಿ, ಹಳೆಯದಾದಷ್ಟು ದಪ್ಪ ಸದ್ದು. ನಮ್ಮ ಗರಗರ ಇರುವ ರೌಂಡ್‌ವೌಂಡ್ ತಂತಿ ಬೆವರು ಕುಡಿದರೆ ಸತ್ತೇ ಹೋಗುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಹತ್ತಿ ಬಟ್ಟೆಯಲ್ಲಿ ಒರೆಸಿಯೇ ಕವರ್‌ಗೆ ಹಾಕಬೇಕು.

---

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಪ್ರೀತಿಯಿಂದ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ.

ಬೆಸುಗೆಕಡ್ಡಿ ಸರ್, ನೀವು ಹೇಳಿದ ಹಾಗೆ ಅಳೆದೆ. ವಿಸಿಟಿಂಗ್ ಕಾರ್ಡ್ ಒಂದಲ್ಲ, ನಾಲ್ಕು ತೂರಿದವು! ಆರು ವರ್ಷದಲ್ಲಿ ಯಾರೂ ನೋಡಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕೊಂಡ ಅಂಗಡಿಯಲ್ಲಿ ಒಮ್ಮೆ ಕೇಳಿದ್ದಾಗ "ಕಡಿಮೆ ಬೆಲೆಯದು ಹಾಗೇ ಇರುತ್ತೆ" ಅಂದಿದ್ದರು, ನಾನು ನಂಬಿದ್ದೆ. ಈಗ ಮೂರು ದಿನದಲ್ಲಿ ಕಾಲು ಕಾಲು ಸುತ್ತು ತಿರುಗಿಸಿ ಒಂದು ಕಾರ್ಡಿಗೆ ತಂದಿದ್ದೇನೆ. ಹೌದು, ಒಂದು ವಾಲ್ಯೂಮ್ ಅರ್ಧಕ್ಕೇ ಇಡುತ್ತಿದ್ದೆ. ಎರಡೂ ತೆರೆದರೆ ಗುಂಯ್ ಮುಕ್ಕಾಲು ಹೋಯಿತು.

ಉಳಿದದ್ದು ಡಿ ಸ್ಕೇಲ್. ಅದಕ್ಕೆ ಐದು ತಂತಿಯೇ ಬೇಕಲ್ವಾ?

---

ಬೆಸುಗೆಕಡ್ಡಿ, ಬೆಂಗಳೂರು

ಬೇಕೇ ಬೇಕು ಅಂತಿಲ್ಲ. ಸುಲಭದ ದಾರಿ, ಆ ಹಾಡುಗಳಿಗೆ ಇ ತಂತಿಯನ್ನು ಡಿಗೆ ಇಳಿಸುವುದು. ಹಾಡು ಹಾಡಿಗೆ ಕೀಲಿ ತಿರುಗಿಸುವುದು ಕಷ್ಟ ಅಂದರೆ ಇನ್ನೊಂದಿದೆ. ಐದು ತಂತಿಯ ಸೆಟ್ ತಗೊಂಡು, ಸಣ್ಣ ಜಿ ತಂತಿ ಬಿಟ್ಟು, ಬಿ ಇ ಎ ಡಿ ನಾಲ್ಕನ್ನು ನಿಮ್ಮ ಬೇಸ್‌ಗೇ ಹಾಕುವುದು. ಆರ್ಕೆಸ್ಟ್ರಾದಲ್ಲಿ ಜಿ ತಂತಿಯ ಮೇಲಿನ ಸ್ವರ ಎಷ್ಟು ಸಲ ಬೇಕಾಗುತ್ತದೆ, ನೀವೇ ಲೆಕ್ಕ ಹಾಕಿ. ಬಿ ತಂತಿ ದಪ್ಪ, 130ರ ಗೇಜ್ ಆಸುಪಾಸು ಇರುತ್ತದೆ. ನಿಮ್ಮ ಹಳೆಯ ನಟ್‌ನ ತೋಡಿನಲ್ಲಿ ಅದು ಕೂರುವುದಿಲ್ಲ. ಹಳೆಯದನ್ನು ಕೊರೆಯಬೇಡಿ. ಬೇರೆ ನಟ್ ಕೂರಿಸಿ, ಹಳೆಯದನ್ನು ಡಬ್ಬಿಯಲ್ಲಿ ಜೋಪಾನ ಮಾಡಿ. ಬೇಡ ಅನಿಸಿದರೆ ವಾಪಸ್ ಹಾಕಬಹುದು. ತಂತಿ ಬದಲಾದ ಮೇಲೆ ಬಾಗು ಮತ್ತೆ ನೋಡಿ, ಇಂಟೋನೇಷನ್ (ಎಲ್ಲ ಫ್ರೆಟ್‌ಗಳಲ್ಲೂ ಶ್ರುತಿ ಸರಿ ಬರುವ ಹೊಂದಾಣಿಕೆ) ಮತ್ತೆ ಮಾಡಿ. ಬೆಂಗಳೂರಿಗೆ ಬರುವುದಾದರೆ ಹೇಳಿ, ಒಂದು ದಿನದ ಕೆಲಸ.

ಒಂದು ಎಚ್ಚರಿಕೆ. ಎಡಿಸನ್‌ನವರು ಹೇಳಿದ ಬಿ ತಂತಿಯ ಗೊಣಗು ಇದರಲ್ಲೂ ಸ್ವಲ್ಪ ಇರುತ್ತದೆ. ಆದರೆ ನಿಮಗೆ ಬೇಕಾದದ್ದು ಡಿ. ಬಿ ತಂತಿಯ ಮೂರನೇ ಫ್ರೆಟ್‌ನಲ್ಲಿ ಡಿ ಬರುತ್ತದೆ, ಅಲ್ಲಿ ಸ್ವರ ಸಾಕಷ್ಟು ನಿಲ್ಲುತ್ತದೆ.

---

ತುಂಗಾತೀರ, ಶಿವಮೊಗ್ಗ

ಒಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ.

ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಬಂದೆ. ಬೆಸುಗೆಕಡ್ಡಿ ಅವರು ನನ್ನ ಎದುರೇ ಕೂತು ಫ್ರೆಟ್ ತುದಿಗಳನ್ನೆಲ್ಲ ಉಜ್ಜಿ, ಹೊಸ ನಟ್ ಕೂರಿಸಿ, ಬಿ ಇ ಎ ಡಿ ಹಾಕಿಕೊಟ್ಟರು. ತಾಮ್ರದ ಟೇಪ್ ಕೂಡ. ತಂತಿ ಸೇರಿ ಐದು ಸಾವಿರದ ಒಳಗೆ ಮುಗಿಯಿತು. ಊಟವನ್ನೂ ಹಾಕಿಸಿದರು, ದುಡ್ಡು ಕೊಡಲು ಬಿಡಲಿಲ್ಲ.

ಮೊದಲ ಎರಡು ಅಭ್ಯಾಸದಲ್ಲಿ ಕೈ ತಪ್ಪುತ್ತಿತ್ತು. ಬೆರಳು ಇ ಅಂದುಕೊಂಡ ಕಡೆ ಬಿ ಇರುತ್ತಿತ್ತು. ಆಮೇಲೆ ಒಗ್ಗಿತು. ಹೋದ ಶನಿವಾರ ಭದ್ರಾವತಿ ಹತ್ತಿರ ಒಂದು ಊರಲ್ಲಿ ಜಾತ್ರೆ ಕಾರ್ಯಕ್ರಮ. ಸೌಂಡ್‌ನವರು ಎರಡು ಸಬ್ ತಂದಿದ್ದರು, ಡಿಐ ಬಾಕ್ಸ್ ನನ್ನದೇ. ಗಾಯಕಿ ಡಿ ಸ್ಕೇಲಿನ ನಿಧಾನದ ಹಾಡು ಎತ್ತಿಕೊಂಡರು. ಪಲ್ಲವಿ ಮುಗಿದು ತಾಳ ಬೀಳುವ ಕಡೆ ನಾನು ಕೆಳಗಿನ ಡಿ ಹೊಡೆದೆ. ಸ್ಟೇಜಿನ ಹಲಗೆ ಕಾಲಿಗೆ ತಟ್ಟಿತು. ಡ್ರಮ್ಸ್‌ನವನು ತಿರುಗಿ ನನ್ನನ್ನು ನೋಡಿದ, ಯಜಮಾನರು ಕೀಬೋರ್ಡ್ ಪಕ್ಕ ನಿಂತಿದ್ದವರು ತಲೆ ಆಡಿಸಿದರು. ಹಾಡು ಮುಗಿದ ಮೇಲೆ ಗಾಯಕಿ ಬಂದು "ಇವತ್ತು ಹಾಡಲು ಏನೋ ನೆಮ್ಮದಿಯಾಗಿತ್ತು, ಕೆಳಗೆ ನೆಲ ಇತ್ತು" ಅಂದರು. ಯಾವ ಬೇಸ್ ಅಂತ ಕೇಳಲಿಲ್ಲ.

ಬಿ ತಂತಿಯನ್ನು ಖಾಲಿ ಹೊಡೆದರೆ ಗೊಣಗುತ್ತದೆ, ಅದು ನಿಜ. ನಾನು ಅಲ್ಲಿಗೆ ಹೋಗುವುದೇ ಕಡಿಮೆ. ಎಂಬತ್ತು ಸಾವಿರದಲ್ಲಿ ಡಿಐ ಬಾಕ್ಸ್, ರೈಲಿನ ಖರ್ಚು, ಈ ಕೆಲಸ ಎಲ್ಲ ಕಳೆದು ಇನ್ನೂ ಎಪ್ಪತ್ತರ ಹತ್ತಿರ ಇದೆ. ಐದು ತಂತಿಯ ಆಸೆ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಈ ಹಬ್ಬದ ಕಾರ್ಯಕ್ರಮಗಳನ್ನು ಇದರಲ್ಲೇ ಮಾಡುತ್ತೇನೆ. ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಬಂದು ನಾಲ್ಕೈದು ಐದು ತಂತಿಯವನ್ನು ಹೆಗಲಿಗೆ ಹಾಕಿಕೊಂಡು ಒಂದೊಂದು ಗಂಟೆ ನಿಂತು ನೋಡುತ್ತೇನೆ, ಮೈಸೂರಿನ ತಂಗಿ ಹೇಳಿದ ಹಾಗೆ. ಸೈರ್ ಬೇಸ್ ಬೆಂಗಳೂರಲ್ಲಿ ಯಾರ ಹತ್ತಿರವಾದರೂ ಇದ್ದರೆ ಅರ್ಧ ಗಂಟೆ ನುಡಿಸಿ ನೋಡಲು ಕೊಡುತ್ತೀರಾ?

---

ಬೆಸುಗೆಕಡ್ಡಿ, ಬೆಂಗಳೂರು

ನನ್ನ ಹತ್ತಿರ ರಿಪೇರಿಗೆ ಬರುವವರೊಬ್ಬರ ಬಳಿ ಇದೆ, ಕೇಳಿ ಇಟ್ಟಿರುತ್ತೇನೆ. ಬರುವಾಗ ನಿಮ್ಮ ಬೇಸ್ ಕೂಡ ತನ್ನಿ, ಪಕ್ಕದಲ್ಲಿಟ್ಟು ನುಡಿಸಿದರೆ ಗೊತ್ತಾಗುತ್ತದೆ. ಡಿಸೆಂಬರ್ ಹೊತ್ತಿಗೆ ಹವೆ ಒಣಗಿರುತ್ತದೆ, ಬಾಗು ಇನ್ನೊಮ್ಮೆ ನೋಡೋಣ.